ಸಕ್ಕರೆ ಎಷ್ಟು ಹಾಕಲಿ? ಸೈಪ್ರಸ್‌ನ ಗಡಿ ತೆರೆದಾಗ ಹಳೇ ಮನೆಯ ಬಾಗಿಲಲ್ಲಿ ನಡೆದದ್ದು

2003ರ ಏಪ್ರಿಲ್ 23, ಬುಧವಾರ. ಸೈಪ್ರಸ್ ದ್ವೀಪದ ರಾಜಧಾನಿ ನಿಕೋಸಿಯಾದಲ್ಲಿ ಲೆದ್ರಾ ಪ್ಯಾಲೆಸ್ ಎಂಬ ಹಳೇ ಹೋಟೆಲಿನ ಪಕ್ಕದ ಗೇಟು ಸಾಮಾನ್ಯ ಜನರಿಗೆ ತೆರೆಯಿತು. 1974ರ ಯುದ್ಧದಲ್ಲಿ ದ್ವೀಪ ಗ್ರೀಕರ ದಕ್ಷಿಣ, ತುರ್ಕರ ಉತ್ತರ ಎಂದು ಹೋಳಾದ ಮೇಲೆ ಹೆಚ್ಚುಕಡಿಮೆ 29 ವರ್ಷ ಅದು ರಾಯಭಾರಿಗಳಿಗೆ, ವಿಶ್ವಸಂಸ್ಥೆಯ ಜೀಪುಗಳಿಗೆ, ಪರವಾನಗಿ ಸಿಕ್ಕ ಕೆಲವರಿಗೆ ಮಾತ್ರ ಇದ್ದ ದಾರಿ. ಗೇಟು ತೆರೆಯುವ ಸುದ್ದಿ ಹೊರಬಿದ್ದದ್ದು ಎರಡೇ ದಿನ ಮೊದಲು, ಹೀಗಾಗಿ ಯಾರಿಗೂ ತಯಾರಿ ಮಾಡಿಕೊಳ್ಳಲು ಸಮಯವೇ ಇರಲಿಲ್ಲ. ಆದರೂ ಜನ ಸಾವಿರಗಟ್ಟಲೆ ಸಾಲು ನಿಂತರು. ದಾಟಿದ ಮೇಲೆ ಬಹಳಷ್ಟು ಮಂದಿ ನೆಟ್ಟಗೆ ಹೋದದ್ದು ತಾವು ಬಿಟ್ಟು ಓಡಿಬಂದಿದ್ದ ಮನೆಗೆ. ಆ ಮನೆಯಲ್ಲಿ ಈಗ ಬೇರೆಯವರಿದ್ದರು.

ಯುದ್ಧದಲ್ಲಿ ಮನೆ ಕಳೆದುಕೊಂಡವನು, ಆ ಮನೆ ಸಿಕ್ಕವನು, ಇಬ್ಬರೂ ಒಂದೇ ಹೊಸ್ತಿಲ ಎರಡು ಬದಿಗೆ ನಿಂತಿದ್ದರು. ಒಬ್ಬ ಕ್ರೈಸ್ತ, ಇನ್ನೊಬ್ಬ ಮುಸ್ಲಿಂ. ಮಧ್ಯೆ ಪಂಚಾಯಿತಿ ಮಾಡುವವರಿಲ್ಲ, ಪೊಲೀಸರಿಲ್ಲ. ಇವರು ಒಟ್ಟಿಗೆ ಬಾಳಲಾರರು ಎಂಬುದು ಉತ್ತರ ಭಾಗದ ನಾಯಕ ರವೂಫ್ ಡೆಂಕ್ತಾಶ್ ದಶಕಗಳಿಂದ ಹೇಳಿಕೊಂಡು ಬಂದಿದ್ದ ಮಾತು. ಗೇಟು ತೆರೆಸಿದ್ದೂ ಅವರ ಆಡಳಿತವೇ. ಹೊಡೆದಾಟಗಳಾಗುತ್ತವೆ ಎಂದು ಹೆದರಿದವರು ಎರಡೂ ಕಡೆ ಇದ್ದರು. ಆಗಲಿಲ್ಲ. ಯಾಕಾಗಲಿಲ್ಲ ಎಂಬುದನ್ನು "ಜನ ಮೂಲತಃ ಒಳ್ಳೆಯವರು" ಎಂದು ಹೇಳಿ ಮುಗಿಸಿದರೆ ಏನೂ ತಿಳಿಯುವುದಿಲ್ಲ. ಆ ಭೇಟಿಗಳಿಗೆ ಒಂದು ಕ್ರಮವಿತ್ತು. ಅದನ್ನು ಬಿಡಿಸಿ ನೋಡುವುದು ಇಲ್ಲಿನ ಕೆಲಸ.

ಗೆರೆ ಬಿದ್ದ ಬಗೆ

ಸೈಪ್ರಸ್ ಬ್ರಿಟಿಷರಿಂದ ಸ್ವತಂತ್ರವಾದದ್ದು 1960ರಲ್ಲಿ. ಬಹುಸಂಖ್ಯಾತರು ಗ್ರೀಕ್ ಮಾತಾಡುವ ಆರ್ಥೊಡಾಕ್ಸ್ ಕ್ರೈಸ್ತರು. ನೂರಕ್ಕೆ ಸುಮಾರು 18 ಮಂದಿ ತುರ್ಕಿ ಮಾತಾಡುವ ಸುನ್ನಿ ಮುಸ್ಲಿಮರು. 1963ರ ಡಿಸೆಂಬರಿನಲ್ಲಿ ಗಲಭೆ ಎದ್ದಾಗ ಬ್ರಿಟಿಷ್ ಸೇನಾಧಿಕಾರಿ ಪೀಟರ್ ಯಂಗ್ ನಿಕೋಸಿಯಾದ ನಕ್ಷೆಯ ಮೇಲೆ ಹಸಿರು ಪೆನ್ಸಿಲಿನಲ್ಲಿ ಒಂದು ಗೆರೆ ಎಳೆದರು. ಅಂದಿನಿಂದ ಅದಕ್ಕೆ ಹಸಿರು ಗೆರೆ ಎಂದೇ ಹೆಸರು. 1964ರ ಮಾರ್ಚಿನಲ್ಲಿ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಗೆ ಒಪ್ಪಿಗೆ ಸಿಕ್ಕಿತು. ಆ ವರ್ಷದ ಜುಲೈಯಿಂದ ಅದರ ದಂಡನಾಯಕರಾಗಿದ್ದವರು ನಮ್ಮ ಕೊಡಗಿನ ಜನರಲ್ ಕೆ. ಎಸ್. ತಿಮ್ಮಯ್ಯ. 1965ರ ಡಿಸೆಂಬರ್ 18ರಂದು, ಹುದ್ದೆಯಲ್ಲಿರುವಾಗಲೇ, ಅವರು ಸೈಪ್ರಸ್‌ನಲ್ಲಿ ತೀರಿಕೊಂಡರು. ಮರುವರ್ಷ ಆ ದೇಶ ಅವರ ನೆನಪಿಗೆ ಅಂಚೆಚೀಟಿ ಹೊರಡಿಸಿತು. ಲಾರ್ನಕಾ ಪಟ್ಟಣದಲ್ಲಿ ಅವರ ಹೆಸರಿನ ದೊಡ್ಡ ರಸ್ತೆಯಿದೆ.

1974ರ ಜುಲೈ 15ರಂದು ಗ್ರೀಸ್‌ನ ಸೇನಾ ಸರ್ಕಾರದ ಕುಮ್ಮಕ್ಕಿನಿಂದ ಸೈಪ್ರಸ್‌ನಲ್ಲಿ ದಂಗೆಯಾಯಿತು. 20ರಂದು ತುರ್ಕಿಯ ಸೇನೆ ಬಂದಿಳಿಯಿತು. ಆಗಸ್ಟ್ 16ರಂದು ಗುಂಡು ನಿಂತಾಗ ದ್ವೀಪ ಎರಡು ಹೋಳಾಗಿತ್ತು. ಉತ್ತರದಿಂದ ಒಂದೂವರೆ ಲಕ್ಷಕ್ಕೂ ಹೆಚ್ಚು ಗ್ರೀಕರು ದಕ್ಷಿಣಕ್ಕೆ, ದಕ್ಷಿಣದಿಂದ ಹತ್ತಾರು ಸಾವಿರ ತುರ್ಕರು ಉತ್ತರಕ್ಕೆ ಹೋದರು. ಎಷ್ಟೋ ಜನ ಹೊರಟದ್ದು ಉಟ್ಟ ಬಟ್ಟೆಯಲ್ಲಿ, ನಾಲ್ಕು ದಿನ ಬಿಟ್ಟು ವಾಪಸ್ಸಾಗುತ್ತೇವೆ ಎಂದುಕೊಂಡು. ಗೋಡೆಯ ಮೇಲಿನ ಮದುವೆ ಫೋಟೊ ಗೋಡೆಯ ಮೇಲೇ ಉಳಿಯಿತು.

ಮಧ್ಯದ ತಟಸ್ಥ ಪಟ್ಟಿ ಸುಮಾರು 180 ಕಿಲೋಮೀಟರ್ ಉದ್ದ. ಅಗಲ ಕೆಲವು ಕಡೆ ಏಳು ಕಿಲೋಮೀಟರಿಗೂ ಹೆಚ್ಚು. ಹಳೇ ನಿಕೋಸಿಯಾದ ಗಲ್ಲಿಗಳಲ್ಲಿ ಮೂರ್ನಾಲ್ಕು ಮೀಟರ್ ಅಷ್ಟೇ.

ಗೇಟಿನಲ್ಲಿ

ಮೊದಲ ತೊಡಕು ಪಾಸ್‌ಪೋರ್ಟು. ಉತ್ತರದ ಆಡಳಿತ 1983ರಲ್ಲಿ ತನ್ನನ್ನು ಸ್ವತಂತ್ರ ಗಣರಾಜ್ಯ ಎಂದು ಸಾರಿಕೊಂಡಿದೆ. ಅದನ್ನು ಮಾನ್ಯ ಮಾಡಿದ ದೇಶ ತುರ್ಕಿ ಒಂದೇ. ಅಲ್ಲಿನ ಕೌಂಟರಿಗೆ ಪಾಸ್‌ಪೋರ್ಟು ಚಾಚಿದರೆ ಆ ಸರ್ಕಾರವನ್ನು ಒಪ್ಪಿಕೊಂಡ ಹಾಗಾಗುತ್ತದೆ ಎಂದು ದಕ್ಷಿಣದಲ್ಲಿ ಅನೇಕರು ವಾದಿಸಿದರು. ಸ್ವಂತ ಊರಿಗೆ ಹೋಗಲು ಪರರ ಅನುಮತಿ ಯಾಕೆ ಎಂದು ಇವತ್ತಿಗೂ ದಾಟದವರಿದ್ದಾರೆ. ಅವರನ್ನು ಹಠಮಾರಿಗಳು ಎಂದು ತಳ್ಳಿಹಾಕುವುದು ಸರಿಯಲ್ಲ, ಆ ವಾದಕ್ಕೆ ತೂಕವಿದೆ. ಸಿಕ್ಕ ಉಪಾಯ ಒಂದು ಬಿಡಿ ಚೀಟಿ: ಹೆಸರು, ಗುರುತಿನ ಸಂಖ್ಯೆ ಬರೆದು ಕೊಟ್ಟರೆ ಮುದ್ರೆ ಬೀಳುತ್ತಿದ್ದದ್ದು ಚೀಟಿಯ ಮೇಲೆ, ಪಾಸ್‌ಪೋರ್ಟಿನ ಮೇಲಲ್ಲ. ಮನೆಗೆ ಬಂದು ಚೀಟಿ ಹರಿದು ಎಸೆದರೆ ದಾಟಿದ್ದಕ್ಕೆ ಕೈಯಲ್ಲಿ ಪುರಾವೆ ಉಳಿಯುತ್ತಿರಲಿಲ್ಲ. ಕಾರಿನಲ್ಲಿ ಹೋಗುವವರು ಅಲ್ಲೇ ಬೇರೆ ವಿಮೆ ಕೊಳ್ಳಬೇಕು. ಆರಂಭದಲ್ಲಿ ಅಂದು ಹೋದವರು ಅಂದೇ ಮಧ್ಯರಾತ್ರಿಯೊಳಗೆ ಮರಳಬೇಕಿತ್ತು.

ಈ ಮಧ್ಯರಾತ್ರಿಯ ನಿಯಮ ಮೇಲ್ನೋಟಕ್ಕೆ ಕಿರಿಕಿರಿ. ಆದರೆ ಬಾಗಿಲು ತೆರೆಯುವವರಿಗೆ ಅದರಿಂದಲೇ ಧೈರ್ಯ ಬಂತು. ಬಂದವರು ಉಳಿಯಲು ಬಂದಿಲ್ಲ, ಕತ್ತಲಾದ ಮೇಲೆ ಹೊರಡಲೇಬೇಕು ಎಂದು ಅವರಿಗೆ ಗೊತ್ತಿತ್ತು.

ದಿನವೂ ಕೂಡಿಬಂತು. ಏಪ್ರಿಲ್ 23 ತುರ್ಕಿ ಜನರಿಗೆ ಮಕ್ಕಳ ಹಬ್ಬದ ರಜೆ. ಆರ್ಥೊಡಾಕ್ಸ್ ಪಂಚಾಂಗದಲ್ಲಿ ಅದು ಈಸ್ಟರ್ ಹಿಂದಿನ ಪವಿತ್ರ ವಾರ, ಈಸ್ಟರ್ ಬಿದ್ದದ್ದು 27ಕ್ಕೆ. ಆ ವಾರ ಗ್ರೀಕರ ಮನೆಗಳಲ್ಲಿ ಚೀಸು, ಮೊಟ್ಟೆ, ಪುದೀನ ತುಂಬಿ ಸುಡುವ ಫ್ಲಾವುನಾ ಎಂಬ ರೊಟ್ಟಿ ಮಾಡುತ್ತಾರೆ. ತುರ್ಕರ ಮನೆಗಳಲ್ಲೂ ಅದನ್ನೇ ಮಾಡುತ್ತಾರೆ, ಹೆಸರು ಪಿಲಾವುನಾ. ಹಾಗಾಗಿ ಬರಿಗೈಲಿ ಹೋಗಬಾರದು ಎಂದುಕೊಂಡವರಿಗೆ ಬುಟ್ಟಿಯಲ್ಲಿ ಏನು ಒಯ್ಯಬೇಕೆಂಬ ಚಿಂತೆಯಿರಲಿಲ್ಲ, ಎದುರಿನವರಿಗೆ ಅದೇನೆಂದು ವಿವರಿಸುವ ಕೆಲಸವೂ ಇರಲಿಲ್ಲ.

ದಾರಿ ಹುಡುಕುವುದು

ಉತ್ತರದ ಊರುಗಳಿಗೆ 1974ರ ನಂತರ ತುರ್ಕಿ ಹೆಸರುಗಳು ಗಟ್ಟಿಯಾದವು. ಕಿರೀನಿಯಾ ಗಿರ್ನೆ, ಮೊರ್ಫು ಗುಝೆಲ್ಯುರ್ತ್, ಲಾಪಿಥೊಸ್ ಲಾಪ್ತಾ. ಹಳೇ ಹೆಸರು ಹಿಡಿದು ಹೊರಟವರಿಗೆ ಫಲಕಗಳಲ್ಲಿ ಊರೇ ಸಿಗಲಿಲ್ಲ. ಚರ್ಚಿನ ಗೋಪುರವೋ ಬಾವಿಯೋ ದೊಡ್ಡ ಮರವೋ, ಅದನ್ನು ಗುರುತು ಹಿಡಿದು ಹೋಗಬೇಕಾಯಿತು. ದಾರಿ ಕೇಳುವುದಾದರೆ ವಯಸ್ಸಾದವರನ್ನು ಕೇಳಬೇಕು. ಕಾರಣ ಸರಳ: ದಕ್ಷಿಣದ ಪಾಫೊಸ್, ಲಿಮಸೊಲ್ ಕಡೆಯಿಂದ ಬಂದ ಹಳೇ ತಲೆಮಾರಿನ ತುರ್ಕರಲ್ಲಿ ಎಷ್ಟೋ ಜನರಿಗೆ ಸೈಪ್ರಸ್ ಗ್ರೀಕ್ ಮನೆಮಾತಿನಷ್ಟೇ ಸಲೀಸು. ಗ್ರೀಕರಲ್ಲಿ ತುರ್ಕಿ ಬಲ್ಲವರು ಕಡಿಮೆ. ಕಿರಿಯರ ನಡುವೆ ಇಂಗ್ಲಿಷು ನಡೆಯುತ್ತದೆ, ಆದರೆ ಇಂಗ್ಲಿಷಿನಲ್ಲಿ ಈ ಮಾತುಕತೆ ಬೇಗ ವ್ಯವಹಾರದ ಧಾಟಿಗೆ ಹೊರಳುತ್ತದೆ. ಗ್ರೀಕಿನ ಥಿಯಾ, ತುರ್ಕಿಯ ತೇಯ್ಜೆ, ಎರಡೂ ಚಿಕ್ಕಮ್ಮ–ಅತ್ತೆ ಎನ್ನುವ ಹಾಗಿನ ಕರೆ. ಅದರಿಂದ ಮಾತು ಶುರುವಾದರೆ ಆಮೇಲಿನದು ಹಗುರ.

ಹೊಸ್ತಿಲು

ಆ ವಾರಗಳ ಭೇಟಿಗಳ ಬಗ್ಗೆ ವರದಿಯಾದದ್ದನ್ನೆಲ್ಲ ಒಟ್ಟಿಗಿಟ್ಟು ನೋಡಿದರೆ ಒಂದೇ ನಡಾವಳಿ ಮತ್ತೆ ಮತ್ತೆ ಕಾಣುತ್ತದೆ. ಬಂದವರು ಗೇಟಿನ ಹೊರಗೇ ನಿಲ್ಲುತ್ತಾರೆ. ಒಳಗಿನವರು ನೋಡಿದ ಕೂಡಲೇ ಯಾರೆಂದು ಊಹಿಸಿರುತ್ತಾರೆ. ಬಹಳ ಮಂದಿ ಇಂಥ ಒಂದು ದಿನ ಬಂದೀತೆಂದು ಕಾದೇ ಇದ್ದರು. ಬಂದವರು "ನಾವು ಮೊದಲು ಇಲ್ಲಿದ್ದೆವು, ಒಮ್ಮೆ ನೋಡಬಹುದಾ" ಎನ್ನುತ್ತಾರೆ. "ಇದು ನಮ್ಮ ಮನೆ" ಎನ್ನುವುದಿಲ್ಲ. ಈ ಒಂದು ಕ್ರಿಯಾಪದದ ಮೇಲೆ ಇಡೀ ಭೇಟಿ ನಿಂತಿದೆ. "ಇದ್ದೆವು" ನೆನಪಿನ ಮಾತು. "ನಮ್ಮದು" ದಾವೆಯ ಮಾತು. ಎರಡನೆಯದು ಕಿವಿಗೆ ಬಿದ್ದರೆ ಒಳಗಿನವರಿಗೆ ಎದೆ ಧಸಕ್ಕೆನ್ನುತ್ತದೆ, ಮಾತಿಗೆ ಮಾತು ಬೆಳೆಯುತ್ತದೆ. ಒಳಗಿನವರ ಉತ್ತರ ತುರ್ಕಿಯಲ್ಲಿ "ಬುಯುರುನ್", ದಯಮಾಡಿಸಿ. ಗ್ರೀಕ್ ಬಲ್ಲ ಮುದುಕಿಯಾದರೆ "ಕೊಪ್ಯಾಸ್ತೆ". ಊಟದ ಹೊತ್ತಿಗೆ ಹಾದುಹೋಗುವವರನ್ನೂ ಬನ್ನಿ ಕೂತ್ಕೊಳ್ಳಿ ಎಂದು ಕರೆಯುವ, ಸೈಪ್ರಸ್‌ನಲ್ಲಿ ದಿನಬಳಕೆಯ ಮಾತು ಅದು.

ಆಮೇಲಿನ ಪ್ರಶ್ನೆ: ಕಾಫಿಗೆ ಸಕ್ಕರೆ ಎಷ್ಟು?

ಇದು ಉಪಚಾರದ ಮಾತಷ್ಟೇ ಅಲ್ಲ. ಈ ಕಾಫಿಯಲ್ಲಿ ಸಕ್ಕರೆಯನ್ನು ಆಮೇಲೆ ಬೆರೆಸುವಂತಿಲ್ಲ. ಪುಟ್ಟ ಹಿಡಿಪಾತ್ರೆಗೆ ಒಂದು ಕಪ್ಪಿಗೆ ಒಂದರಂತೆ ತಣ್ಣೀರು ಅಳೆದು ಹಾಕಿ, ಹಿಟ್ಟಿನಷ್ಟು ನುಣ್ಣಗೆ ಬೀಸಿದ ಪುಡಿ ಕಪ್ಪಿಗೊಂದು ತುಂಬು ಟೀ ಚಮಚ, ಸಕ್ಕರೆ ಅವರವರ ಲೆಕ್ಕ, ಎಲ್ಲವನ್ನೂ ಒಲೆಗಿಡುವ ಮೊದಲೇ ಕದಡಬೇಕು. ಸಣ್ಣ ಉರಿ. ಅಂಚಿನಿಂದ ನೊರೆ ಒಳಕ್ಕೆ ಸರಿದು ಉಬ್ಬಿ ಬರುವಾಗ, ಕುದಿ ಒಡೆಯುವ ಮುನ್ನ, ಇಳಿಸಬೇಕು. ಕುದಿದರೆ ನೊರೆ ಸತ್ತು ಕಾಫಿ ಕಹಿ. ಆ ನೊರೆಗೆ ಗ್ರೀಕಿನಲ್ಲಿ ಕೈಮಾಕಿ ಎಂದು ಹೆಸರು. ಮೊದಲು ಪ್ರತಿ ಕಪ್ಪಿಗೂ ಚಮಚದಷ್ಟು ನೊರೆ ಹಂಚಿ ಆಮೇಲೆ ಕಾಫಿ ಸುರಿಯಬೇಕು. ಸಕ್ಕರೆ ಇಲ್ಲದ್ದು ಸ್ಕೆತೊ ಅಥವಾ ಸಾದೆ, ಹದ ಸಿಹಿ ಮೆತ್ರಿಯೊ ಅಥವಾ ಒರ್ತಾ, ಸಿಹಿ ಗ್ಲಿಕಿ ಅಥವಾ ಶೆಕೆರ್ಲಿ. ಬೇರೆ ಬೇರೆ ಸಿಹಿಗೆ ಬೇರೆ ಬೇರೆ ಸಲ ಮಾಡಬೇಕು. ಮೂವರು ಬಂದು ಮೂರು ಬಗೆ ಹೇಳಿದರೆ ಒಡತಿ ಮೂರು ಸಲ ಒಲೆಯ ಮುಂದೆ. ಅದಕ್ಕೇ ತಿಳಿದವರು ಎಲ್ಲರಿಗೂ ಹದ ಸಿಹಿ ಸಾಕು ಎಂದುಬಿಡುತ್ತಾರೆ.

ಈ ಕಾಫಿ ಸಮಯವನ್ನೂ ಕಟ್ಟಿಕೊಡುತ್ತದೆ. ಮಾಡಲು ಐದು ನಿಮಿಷ, ಗಸಿ ತಳಕ್ಕೆ ಕೂರಲು ಎರಡು ನಿಮಿಷ, ಗುಟುಕರಿಸಲು ಹತ್ತು ನಿಮಿಷ. ಬಂದವರು ಗೋಡೆಯ ಮುಂದೆ ನಿಂತು ಅತ್ತು ಮುಗಿಸಲು ಒಡತಿ ಅಡುಗೆಮನೆಯಲ್ಲಿರುವ ಆ ಐದು ನಿಮಿಷ ಬೇಕು. ಅಳುವುದನ್ನು ನೋಡುತ್ತ ನಿಲ್ಲುವ ಸಂಕಟ ಅವಳಿಗೂ ತಪ್ಪುತ್ತದೆ. ಜೊತೆಗೆ ತಣ್ಣೀರಿನ ಲೋಟ, ಪುಟ್ಟ ತಟ್ಟೆಯಲ್ಲಿ ಸಕ್ಕರೆ ಪಾಕದಲ್ಲಿ ಬೇಯಿಸಿದ ಎಳೇ ಅಕ್ರೋಟಿನ ಒಂದು ಕಾಯಿ. ತಳದ ಗಸಿ ಕಂಡಿತೆಂದರೆ ಭೇಟಿ ಮುಗಿಯುತ್ತ ಬಂತು ಎಂದರ್ಥ.

ಆಗ ಒಳಗಿನಿಂದ ಒಂದು ಪೊಟ್ಟಣ ಬರುವುದೂ ಉಂಟು. ಬಿಟ್ಟುಹೋದ ಮದುವೆ ಫೋಟೊ, ಮಕ್ಕಳ ಫೋಟೊ, ದೇವರ ಪಟ. 29 ವರ್ಷ ಬೀರುವಿನಲ್ಲಿ ಕಾದಿಟ್ಟವರು ಎರಡೂ ಕಡೆ ಇದ್ದರು. ಯಾಕೆ ಇಟ್ಟರು ಎಂಬುದಕ್ಕೆ ದೊಡ್ಡ ತತ್ವ ಬೇಕಿಲ್ಲ. ಇನ್ನೊಬ್ಬರ ಮದುವೆ ಫೋಟೊವನ್ನು ಒಲೆಗೆ ಹಾಕಲು ಕೈ ಬಾರದು, ಅಷ್ಟೇ. ಅವರದೂ ಒಂದು ಫೋಟೊ ಪಾಫೊಸ್‌ನಲ್ಲೋ ಲಿಮಸೊಲ್‌ನಲ್ಲೋ ಯಾರ ಗೋಡೆಯ ಮೇಲೋ ಉಳಿದಿತ್ತು.

ಹೊರಡುವಾಗ ಅಂಗಳದ ನಿಂಬೆ ಮರ. ಬಂದವನ ತಾತ ನೆಟ್ಟ ಮರವೇ ಇರಲಿ, ತಾನಾಗಿ ಕೀಳುವಂತಿಲ್ಲ. ಒಡತಿಯೇ ಕಿತ್ತು ಚೀಲ ತುಂಬಿ ಕೊಡಬೇಕು, ಕೊಡುತ್ತಾರೆ. ಕೇಳದೆ ಕಿತ್ತರೆ ಹಕ್ಕು ಚಲಾಯಿಸಿದ ಹಾಗೆ. ಕೊಟ್ಟದ್ದನ್ನು ಬೇಡವೆಂದರೆ ಅದೂ ಅವಮಾನವೇ: ನನ್ನದನ್ನು ನನಗೇ ದಾನ ಕೊಡುತ್ತೀಯಾ ಎಂದ ಹಾಗೆ.

ಎಲ್ಲಿ ಕೆಡುತ್ತಿತ್ತು

ಎಲ್ಲ ಮನೆಯಲ್ಲೂ ಹೀಗಾಗಲಿಲ್ಲ. ಒಂದೇ ಕಾರಿನಲ್ಲಿ ತುಂಬಿಕೊಂಡು ಮೂರು ತಲೆಮಾರು ಒಟ್ಟಿಗೆ ಬಂದಿಳಿದರೆ ಒಳಗಿನವರಿಗೆ ಅದು ಭೇಟಿಯಲ್ಲ, ಮುತ್ತಿಗೆ. ಮೊಮ್ಮಕ್ಕಳು ಕೇಳದೆ ಮಲಗುವ ಕೋಣೆಯ ಬಾಗಿಲು ತಳ್ಳಿದ್ದಕ್ಕೆ ಮಾತು ಮುರಿಯಬಹುದು.

ಅದಕ್ಕಿಂತ ಆಳದ ತೊಡಕು ಮನೆಯಲ್ಲಿ ಯಾರಿದ್ದಾರೆ ಎಂಬುದು. ದಕ್ಷಿಣದಿಂದ ಓಡಿಬಂದ ಸೈಪ್ರಸ್ ತುರ್ಕನಾದರೆ ತಾನೂ ಮನೆ ಕಳೆದುಕೊಂಡವನೇ. "ನಿಮ್ಮ ಕಡೆ ನಮ್ಮ ಮನೆ ಹೇಗಿದೆ, ನೋಡಿ ಬಂದು ಹೇಳುತ್ತೀರಾ" ಎಂದು ಅವನೂ ಕೇಳಬಲ್ಲ. ಕೊಡು–ಕೊಳ್ಳುವಿಕೆ ಅಲ್ಲಿ ಸಮ. ಆದರೆ 1974ರ ನಂತರ ತುರ್ಕಿಯ ಅನಾತೋಲಿಯಾದಿಂದ ತಂದು ನೆಲೆಸಿಸಿದ ಬಡ ರೈತ ಕುಟುಂಬವಾದರೆ ಅವರಿಗೆ ಈ ದ್ವೀಪದ ಹಳೇ ನೆನಪಿಲ್ಲ, ಗ್ರೀಕ್ ಬಾರದು, ಹಿಂದೆ ಬಿಟ್ಟ ಮನೆಯಿಲ್ಲ. ಇರುವುದು ಇದೊಂದೇ ಸೂರು, ಅದೂ ಹೋದೀತೆಂಬ ಭಯ. ಅಲ್ಲಿ ಬಾಗಿಲು ತೆರೆಯದಿದ್ದರೆ ಅದನ್ನು ದ್ವೇಷ ಎಂದು ಓದುವುದು ತಪ್ಪು. ಅಂಥ ಮನೆಗಳಲ್ಲೂ ಕಾಫಿ ಸಿಕ್ಕಿದ್ದುಂಟು, ಮಾತು ಮಾತ್ರ ಕೈಸನ್ನೆಯಲ್ಲಿ.

ಮನೆಯೇ ಇಲ್ಲದವರ ಕಥೆ ಬೇರೆ. ಫಾಮಗುಸ್ತಾದ ವರೋಶಾ ಬಡಾವಣೆ ಸೇನೆಯ ಬೇಲಿಯೊಳಗಿತ್ತು; 2020ರ ಅಕ್ಟೋಬರ್ ತನಕ ಅಲ್ಲಿನವರು ಬೇಲಿಯ ಹೊರಗೆ ನಿಂತು ತಮ್ಮ ಉಪ್ಪರಿಗೆಯ ಕಿಟಕಿ ಎಣಿಸಬೇಕಿತ್ತು. ದಕ್ಷಿಣಕ್ಕೆ ಬಂದ ತುರ್ಕರಿಗೂ ಪಾಫೊಸ್ ಗುಡ್ಡಗಳ ಎಷ್ಟೋ ಹಳ್ಳಿಗಳಲ್ಲಿ ಸಿಕ್ಕಿದ್ದು ಮಾಡು ಕುಸಿದ ಗೋಡೆ, ಒಳಗೆ ಬೆಳೆದ ಅಂಜೂರದ ಗಿಡ. ಬಾಗಿಲು ತಟ್ಟಲು ಬಾಗಿಲೇ ಇಲ್ಲದಲ್ಲಿ ಕಾಫಿ ಯಾರು ಕೊಡಬೇಕು? ಪಕ್ಕದ ಗ್ರೀಕ್ ಊರಿನ ಕಾಫಿ ಅಂಗಡಿಯಲ್ಲಿ ಹಳೇ ಪರಿಚಯದ ಮುದುಕರು ಕೂತಿದ್ದರೆ ಅದೇ ಪುಣ್ಯ.

ಕೊಚಾನ್ ಎಂಬ ಕಾಗದ

ಜಮೀನಿನ ಹಕ್ಕುಪತ್ರಕ್ಕೆ ತುರ್ಕಿಯಲ್ಲಿ ಕೊಚಾನ್, ಸೈಪ್ರಸ್ ಗ್ರೀಕಿನಲ್ಲಿ ಕೊಚಾನಿ. ಒಂದೇ ಪದ. ನಮ್ಮಲ್ಲಿ ಪಹಣಿ, ಖಾತೆ ಎಂದರೆ ಹಳ್ಳಿಯಲ್ಲಿ ಎಲ್ಲರೂ ನೆಟ್ಟಗೆ ಕೂರುವ ಹಾಗೆ ಅಲ್ಲಿ ಈ ಪದ. ಗ್ರೀಕ್ ಕುಟುಂಬದ ಬಳಿ ಬ್ರಿಟಿಷರ ಕಾಲದಿಂದ ಬಂದ ಕೊಚಾನ್ ಇದೆ. ಮನೆಯಲ್ಲಿರುವವರ ಬಳಿ, ದಕ್ಷಿಣದಲ್ಲಿ ಬಿಟ್ಟುಬಂದ ಆಸ್ತಿಗೆ ಬದಲಾಗಿ ಉತ್ತರದ ಆಡಳಿತ ಕೊಟ್ಟ ಇನ್ನೊಂದು ಕಾಗದವಿದೆ. ಎರಡೂ ಒಂದೇ ನೆಲಕ್ಕೆ. ಕಾಫಿಯ ಹೊತ್ತಿನಲ್ಲಿ ಇಬ್ಬರೂ ಈ ಕಾಗದದ ಹೆಸರೆತ್ತುವುದಿಲ್ಲ. ಮರೆತಿದ್ದಾರೆಂದಲ್ಲ, ಬಾಯಿ ಬಿಟ್ಟರೆ ಅವನು ಹಕ್ಕುದಾರ, ಇವನು ಅತಿಕ್ರಮಿ, ಆಮೇಲೆ ಕಪ್ಪು ಹಿಡಿಯುವುದು ಹೇಗೆ?

ಕ್ಯಾಮೆರಾ ಕಂಡರೆ ಮುಖ ಬಿಗಿಯಾಗುವುದಕ್ಕೂ ಕಾರಣ ಇದೇ. ಲಾಪಿಥೊಸ್‌ನಲ್ಲಿ ಒಂದು ಗ್ರೀಕ್ ಕುಟುಂಬದ ಜಾಗದಲ್ಲಿ ಬ್ರಿಟಿಷ್ ದಂಪತಿ ಬಂಗಲೆ ಕಟ್ಟಿದ್ದರು. ಗೇಟು ತೆರೆದ ಮೇಲೆ ಮೊಕದ್ದಮೆ ಹೂಡಲಾಯಿತು. 2009ರಲ್ಲಿ ಐರೋಪ್ಯ ಒಕ್ಕೂಟದ ನ್ಯಾಯಾಲಯ, ದಕ್ಷಿಣದ ಕೋರ್ಟಿನ ತೀರ್ಪನ್ನು ಒಕ್ಕೂಟದ ಬೇರೆ ದೇಶಗಳೂ ಮಾನ್ಯ ಮಾಡಬೇಕು ಎಂದಿತು. ಅಂದರೆ ಉತ್ತರದಲ್ಲಿ ಕಟ್ಟಿದ ಮನೆಗೆ, ಆಗ ಒಕ್ಕೂಟದಲ್ಲಿದ್ದ ಇಂಗ್ಲೆಂಡಿನಲ್ಲಿ ಆ ದಂಪತಿಗಿದ್ದ ಆಸ್ತಿ ಹೊಣೆ. ಆಮೇಲೆ ಗೇಟಿನ ಮುಂದೆ ಫೋಟೊ ತೆಗೆಯುವವನು ನೆನಪಿಗೆ ತೆಗೆಯುತ್ತಿದ್ದಾನೋ ವಕೀಲರಿಗೋ ಎಂಬ ಅನುಮಾನ ಸಹಜ. ರೂಢಿ ಹೀಗಾಯಿತು: ಮನೆಯವರನ್ನೇ ಕೂರಿಸಿ ಜೊತೆಗೆ ಫೋಟೊ ತೆಗೆಸಿಕೊಳ್ಳುವುದು ಸರಿ, ಖಾಲಿ ಕಟ್ಟಡದ್ದು, ನಾಲ್ಕೂ ಮೂಲೆಯಿಂದ ತೆಗೆಯುವುದು ಸಲ್ಲ.

2004ರ ಏಪ್ರಿಲ್ 24ರಂದು, ಮೊದಲ ಕಾಫಿಗೆ ವರ್ಷ ತುಂಬಿದ ಮರುದಿನವೇ, ವಿಶ್ವಸಂಸ್ಥೆಯ ಒಗ್ಗೂಡಿಕೆ ಯೋಜನೆಗೆ ಮತದಾನವಾಯಿತು. ಉತ್ತರದಲ್ಲಿ ನೂರಕ್ಕೆ 65ರಷ್ಟು ಮಂದಿ ಹೌದು ಎಂದರು. ದಕ್ಷಿಣದಲ್ಲಿ 76ರಷ್ಟು ಮಂದಿ ಬೇಡ ಎಂದರು. ಫ್ಲಾವುನಾ ಹಿಡಿದು ಹೋಗಿ ನಿಂಬೆಹಣ್ಣು ಹೊತ್ತು ತಂದವರಲ್ಲೂ ಬೇಡ ಎಂದವರು ಇರಲೇಬೇಕು, ಲೆಕ್ಕ ಹಾಗಿದೆ. ಇದನ್ನು ಸೋಗಲಾಡಿತನ ಎಂದು ಬರೆದವರಿದ್ದಾರೆ, ಒಪ್ಪುವುದು ಕಷ್ಟ. ಮನೆಯಲ್ಲಿರುವ ಹೆಂಗಸು ಒಳ್ಳೆಯವಳು ಎಂಬುದೂ, ಯೋಜನೆಯಲ್ಲಿ ತನ್ನ ಆಸ್ತಿಗೆ ನ್ಯಾಯ ಸಿಗಲಿಲ್ಲ ಎಂಬುದೂ ಒಂದೇ ತಲೆಯಲ್ಲಿ ಜಗಳವಿಲ್ಲದೆ ಇರಬಲ್ಲವು.

ಕಾಫಿಯಾಚೆ

ಭೇಟಿಗಳಿಂದ ಯಾರೂ ಎಣಿಸದಿದ್ದ ಒಂದು ಕೆಲಸ ಆಯಿತು. ಗಲಭೆ, ಯುದ್ಧಗಳಲ್ಲಿ ಎರಡೂ ಕಡೆ ಸೇರಿ ಕಾಣೆಯಾದವರ ಅಧಿಕೃತ ಪಟ್ಟಿಯಲ್ಲಿ 2,002 ಹೆಸರುಗಳಿವೆ: 1,510 ಗ್ರೀಕರು, 492 ತುರ್ಕರು. ಇಬ್ಬರೂ ಸದಸ್ಯರಾಗಿರುವ ಸಮಿತಿ 1981ರಲ್ಲೇ ಹುಟ್ಟಿತ್ತು, ಆದರೆ ಹೂತ ಅಸ್ಥಿಗಳಿಗಾಗಿ ಅಗೆತ ನಿಯಮಿತವಾಗಿ ನಡೆದದ್ದು 2006ರಿಂದ. ಎಲ್ಲಿ ಅಗೆಯಬೇಕು ಎಂದು ಹೇಳಬೇಕಾದವರು ಹಳ್ಳಿಯ ಮುದುಕರು. ಅಂಥ ಮಾತು ಸರ್ಕಾರಿ ಅರ್ಜಿಯಲ್ಲಿ ಬರುವುದಿಲ್ಲ. ನಾಲ್ಕನೇ ಐದನೇ ಭೇಟಿಯಲ್ಲಿ, ಗಂಡಸರು ಮಾತ್ರ ಉಳಿದಾಗ, "ಆ ಬಾವಿ ನೋಡಿ" ಎಂದು ಬರುತ್ತದೆ. ಪತ್ರಕರ್ತೆ ಸೆವ್ಗುಲ್ ಉಲುದಾ ಹೆಸರು ಹೇಳದೆಯೂ ಮಾತಾಡಬಹುದು ಎಂದು ತಮ್ಮ ಫೋನ್ ನಂಬರನ್ನು ಓದುಗರಿಗೆ ಕೊಟ್ಟು ಎರಡೂ ಕಡೆಯಿಂದ ಇಂಥ ಸುಳಿವು ಕೂಡಿಸಿದರು. ಗುರುತು ಹಿಡಿದು ಕುಟುಂಬಕ್ಕೆ ಒಪ್ಪಿಸಿದ ಅಸ್ಥಿಗಳು ಈಗ ಸಾವಿರ ದಾಟಿವೆ.

ಉಡುಗೊರೆಗೂ ಕಾನೂನು ಅಡ್ಡ ಬಂತು. ಐರೋಪ್ಯ ಒಕ್ಕೂಟದ 2004ರ ಹಸಿರು ಗೆರೆ ನಿಯಮದಂತೆ ಪ್ರಾಣಿಜನ್ಯ ಪದಾರ್ಥಗಳು ಉತ್ತರದಿಂದ ದಕ್ಷಿಣಕ್ಕೆ ಬರುವಂತಿರಲಿಲ್ಲ. ಮುಂದೆ ಮೀನಿಗೂ ಜೇನಿಗೂ ವಿನಾಯಿತಿ ಸಿಕ್ಕಿತು, ಚೀಸಿಗೆ ಇಲ್ಲ. ಗ್ರೀಕಿನಲ್ಲಿ ಹಲ್ಲೂಮಿ, ತುರ್ಕಿಯಲ್ಲಿ ಹೆಲ್ಲಿಮ್ ಎನ್ನುವ, ಕಾವಲಿಯ ಮೇಲೆ ಸುಟ್ಟರೂ ಕರಗದ ಆ ಚೀಸು ಪ್ರತಿ ಮನೆಯ ಹೆಮ್ಮೆ. ಒಡತಿ ಪ್ರೀತಿಯಿಂದ ಕಟ್ಟಿಕೊಟ್ಟ ಹೆಲ್ಲಿಮ್ ಲೆಕ್ಕಕ್ಕೆ ಕಳ್ಳಸಾಗಣೆ. 2021ರ ಏಪ್ರಿಲ್‌ನಲ್ಲಿ ಐರೋಪ್ಯ ಒಕ್ಕೂಟ ಎರಡೂ ಹೆಸರುಗಳನ್ನು ಒಟ್ಟಿಗೆ ದ್ವೀಪದ ಉತ್ಪನ್ನವೆಂದು ನೋಂದಾಯಿಸಿತು.

2008ರ ಏಪ್ರಿಲ್ 3ರಂದು ಹಳೇ ಪೇಟೆಯ ಲೆದ್ರಾ ಬೀದಿಯೂ ತೆರೆಯಿತು. ಈಗ ಅಲ್ಲಿ ದಾಟುವವರಲ್ಲಿ ಮನೆ ನೋಡಲು ಬರುವವರು ಕಡಿಮೆ. 1974ರಲ್ಲಿ ಮೂವತ್ತು ದಾಟಿದ್ದವರು ಇಂದು ಎಂಬತ್ತು ಮೀರಿದ್ದಾರೆ. ಬರುವ ಮೊಮ್ಮಕ್ಕಳ ಕೈಯಲ್ಲಿ ಫೋನಿನ ನಕ್ಷೆಯಿದೆ, ದಾರಿ ಕೇಳುವ ಅಗತ್ಯವಿಲ್ಲ. ಬಾಗಿಲು ತೆರೆಯುವ ಹುಡುಗಿಗೆ ಗ್ರೀಕ್ ಬಾರದು, ಮಾತು ಇಂಗ್ಲಿಷಿನಲ್ಲಿ. ಬೇಸಿಗೆಯಾದರೆ ಬಿಸಿ ಕಾಫಿಯ ಬದಲು ಫ್ರಾಪ್ಪೆ: ಇನ್‌ಸ್ಟಂಟ್ ಪುಡಿ, ಸ್ವಲ್ಪ ತಣ್ಣೀರು, ನೊರೆ ಬರುವ ತನಕ ಕುಲುಕಿ ಮೇಲೆ ಐಸು. ಅದಕ್ಕೂ ಸಕ್ಕರೆಯನ್ನು ಪುಡಿಯ ಜೊತೆಗೇ, ಕುಲುಕುವ ಮೊದಲೇ ಹಾಕಬೇಕು. ಎಷ್ಟು ಎಂದು ಅವಳೂ ಕೇಳಿಯೇ ಒಳಗೆ ಹೋಗುತ್ತಾಳೆ.